ಸರ್ಕಾರ ಬರೆದ ಹಣೆಬರಹ

ಹುಬ್ಬಳ್ಳಿಯಲ್ಲಿ ಆಟೋ ಹತ್ತಿ ‘ಸೆಟ್ಲಮೆಂಟ್’ ಎಂದರೆ ಸಾಕು, ಚಾಲಕ ಮರುಮಾತಿಲ್ಲದೆ ಗಾಡಿ ತಿರುಗಿಸುತ್ತಾನೆ. ಗದಗ-ಬೆಟಗೇರಿಯಲ್ಲೂ ಒಂದು ಸೆಟ್ಲಮೆಂಟ್ ಇದೆ. ಗಡಿಯಾಚೆ ಸೊಲ್ಲಾಪುರದಲ್ಲೂ ಇದೆ. ಸ್ಟೇಷನ್, ಮಾರ್ಕೆಟ್ ಎಂಬ ಮಾತುಗಳಂತೆ ಊರವರ ಬಾಯಲ್ಲಿ ಸವೆದು ಸವೆದು ಕನ್ನಡವೇ ಆಗಿಬಿಟ್ಟ ಇಂಗ್ಲಿಷ್ ಪದ ಇದು. ಒಂದು ಕಾಲಕ್ಕೆ ಈ ಪದಕ್ಕೆ ತಂತಿಬೇಲಿ ಇತ್ತು, ಕಾವಲಿತ್ತು, ದಿನವೂ ಹೆಸರು ಕೂಗುವ ಹಾಜರಿ ಪುಸ್ತಕ ಇತ್ತು. ಒಳಗಿದ್ದವರು ಜೈಲಿನ ಕೈದಿಗಳಲ್ಲ. ಅವರಲ್ಲಿ ಬಹುಪಾಲು ಜನರ ಮೇಲೆ ಯಾವ ಕೋರ್ಟಿನಲ್ಲೂ ಯಾವ ಅಪರಾಧವೂ ರುಜುವಾತಾಗಿರಲಿಲ್ಲ. ಇಂಥ ಜಾತಿಯಲ್ಲಿ ಹುಟ್ಟಿದ್ದೇ ಅವರ ಅಪರಾಧವಾಗಿತ್ತು.

ಈ ಲೇಖನಕ್ಕೆ ಪ್ರೇರಣೆಯಾದದ್ದು ಒಂದು ಪುಟ್ಟ ಸುದ್ದಿ. ಬರೆದವನು ನಾನೇ. ಆಗ ಕೆಲಸಕ್ಕೆ ಸೇರಿ ಇನ್ನೂ ಆರು ತಿಂಗಳಾಗಿರಲಿಲ್ಲ. ಠಾಣೆಯೊಂದರಿಂದ ಬಂದ ಪ್ರಕಟಣೆಯಲ್ಲಿ ನಾಲ್ವರ ಬಂಧನದ ವಿವರವಿತ್ತು. ಅವರ ಜಾತಿಯ ಹೆಸರು ಬರೆದು, ಅದಕ್ಕೆ ‘ಗ್ಯಾಂಗ್’ ಎಂಬ ಬಾಲ ಅಂಟಿಸಲಾಗಿತ್ತು. ನಾನು ಒಂದಕ್ಷರ ಬದಲಿಸದೆ ಬರೆದುಕೊಟ್ಟೆ, ಅದು ಹಾಗೆಯೇ ಅಚ್ಚಾಯಿತು. ಎರಡು ದಿನ ಕಳೆದ ಮೇಲೆ ಆ ಸಮುದಾಯದ ಹಿರಿಯರೊಬ್ಬರು, ನಿವೃತ್ತ ನೌಕರರು, ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದುಕೊಂಡು ಕಚೇರಿಗೆ ಬಂದರು. ಜಗಳ ಮಾಡಲಿಲ್ಲ. “ಕಳುವು ಮಾಡಿದವರನ್ನ ಹಿಡೀಲಿ ತಮ್ಮಾ, ಬ್ಯಾಡ ಅನ್ನಂಗಿಲ್ಲ. ಇದs ಪುಟದಾಗ ರೊಕ್ಕಾ ನುಂಗಿದ ಮ್ಯಾನೇಜರನ ಸುದ್ದೀನೂ ಐತಿ. ಅವನ ಜಾತಿ ಎಲ್ಲಿ ಬರದೀರಿ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಎದ್ದು ಹೊರಡುವಾಗ, ಎಂಟನೆಯ ತರಗತಿಯಲ್ಲಿ ಓದುವ ಮೊಮ್ಮಗ ಎರಡು ದಿನದಿಂದ ಶಾಲೆಗೆ ಹೋಗಲೊಲ್ಲೆ ಎನ್ನುತ್ತಿದ್ದಾನೆ ಎಂದೂ ಹೇಳಿದರು.

ಆ ಹುಡುಗ ಏನನ್ನೂ ಕದ್ದಿರಲಿಲ್ಲ. ಸುದ್ದಿಯಲ್ಲಿದ್ದ ನಾಲ್ವರು ಅವನಿಗೆ ಪರಿಚಯದವರೂ ಅಲ್ಲ. ಆದರೂ ಆ ತಲೆಬರಹವನ್ನು ಅವನು ತನ್ನ ಬಗ್ಗೆಯೇ ಎಂದು ಓದಿಕೊಂಡಿದ್ದ. ಹೊರಗಿನವರು ಹಚ್ಚಿದ ಹಣೆಪಟ್ಟಿ ಒಳಗೆ ಇಳಿದು, ‘ನಾನು ಯಾರು’ ಎಂಬ ಪ್ರಶ್ನೆಗೆ ತಾನೇ ಉತ್ತರವಾಗಿ ಕುಳಿತುಬಿಡುವುದು ಹೇಗೆ? ಇದನ್ನು ತಿಳಿಯಲು ನೂರೈವತ್ತು ವರ್ಷಕ್ಕೂ ಹಿಂದೆ ಹೋಗಬೇಕಾಗುತ್ತದೆ.

ಬಡಗಿಯ ಮಗ ಬಡಗಿ, ಕಳ್ಳನ ಮಗ?

1871ರ ಅಕ್ಟೋಬರ್ ತಿಂಗಳಲ್ಲಿ ಬ್ರಿಟಿಷ್ ಸರ್ಕಾರ ‘ಅಪರಾಧಿ ಬುಡಕಟ್ಟುಗಳ ಕಾಯ್ದೆ’ ಎಂಬ ಶಾಸನವನ್ನು ಜಾರಿಗೆ ತಂದಿತು. ಮಸೂದೆಯ ಪರವಾಗಿ ಮಂಡಿಸಿದ ವಾದ ಬಹಳ ಸರಳವಾಗಿತ್ತು. ಹಿಂದೂಸ್ತಾನದಲ್ಲಿ ಎಲ್ಲ ಕಸುಬುಗಳೂ ಜಾತಿಯಿಂದ ಬರುತ್ತವೆ; ನೇಕಾರನ ಮಗ ನೇಯುತ್ತಾನೆ, ಬಡಗಿಯ ಮಗ ಬಡಗಿಯಾಗುತ್ತಾನೆ; ಹಾಗೆಯೇ ಅಪರಾಧವೂ ಕೆಲವು ಜಾತಿಗಳ ಕುಲಕಸುಬು. ಜಾತಿಪದ್ಧತಿಯನ್ನು ಅನಾಗರಿಕವೆಂದು ಹೀಗಳೆಯುತ್ತಿದ್ದ ಆಂಗ್ಲರು ಕಾನೂನು ಮಾಡುವಾಗ ಅದೇ ಜಾತಿಪದ್ಧತಿಯ ತರ್ಕವನ್ನು ನಮ್ಮವರಿಗಿಂತ ಒಂದು ಹೆಜ್ಜೆ ಮುಂದಕ್ಕೆ ಒಯ್ದರು. ಆಗ ಕಾನೂನು ಸದಸ್ಯರಾಗಿದ್ದವರು ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್. ಸಾಕ್ಷ್ಯ ಕಾಯ್ದೆಯನ್ನು ರೂಪಿಸಿದ, ಸಾಕ್ಷಿಯಿಲ್ಲದೆ ಯಾರನ್ನೂ ಶಿಕ್ಷಿಸಬಾರದೆಂಬ ನಿಯಮಗಳನ್ನು ಅಕ್ಷರ ಅಕ್ಷರವಾಗಿ ಬರೆದ ಪಂಡಿತರು ಅವರೇ ಎಂಬುದು ಚರಿತ್ರೆಯ ಒಂದು ವ್ಯಂಗ್ಯ.

ಕಾಯ್ದೆ ಕೆಲಸ ಮಾಡುತ್ತಿದ್ದ ರೀತಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಒಂದು ಬುಡಕಟ್ಟು ಜಾಮೀನಿಲ್ಲದ ಅಪರಾಧಗಳನ್ನು ರೂಢಿಯಾಗಿ ಮಾಡುತ್ತಿದೆಯೆಂದು ಪ್ರಾಂತೀಯ ಸರ್ಕಾರಕ್ಕೆ ಅನಿಸಿದರೆ ಅದು ಮೇಲಕ್ಕೆ ವರದಿ ಕಳಿಸುತ್ತಿತ್ತು. ಮೇಲಿನವರು ಒಪ್ಪಿದರೆ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡುತ್ತಿತ್ತು. ಅದನ್ನು ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿರಲಿಲ್ಲ. ಅಂದಿನಿಂದ ಆ ಬುಡಕಟ್ಟಿನವರು ತಮ್ಮ ಹೆಸರನ್ನು ಸರ್ಕಾರದ ರಿಜಿಸ್ಟರಿನಲ್ಲಿ ಬರೆಸಬೇಕು, ಊರು ಬಿಟ್ಟು ಹೋಗಲು ಪಾಸು ಪಡೆಯಬೇಕು, ಪಾಸಿಲ್ಲದೆ ಸಿಕ್ಕಿಬಿದ್ದರೆ ಸಜೆ ಅನುಭವಿಸಬೇಕು. ಇದೇ ಕಾಯ್ದೆಯ ಎರಡನೆಯ ಭಾಗದಲ್ಲಿ ಹಿಜಡಾಗಳನ್ನೂ ಇಂಥದೇ ರಿಜಿಸ್ಟರಿಗೆ ಸೇರಿಸಲಾಯಿತು.

ಮೊದಲು ಉತ್ತರ ಭಾರತದ ಪ್ರಾಂತ್ಯಗಳಿಗೆ ಸೀಮಿತವಾಗಿದ್ದ ಈ ಕಾಯ್ದೆಗೆ 1911ರಲ್ಲಿ ಹೊಸ ರೂಪ ಕೊಟ್ಟು ಮುಂಬಯಿ, ಮದರಾಸು ಪ್ರಾಂತ್ಯಗಳಿಗೂ ವಿಸ್ತರಿಸಲಾಯಿತು. ನಮ್ಮ ಧಾರವಾಡ, ವಿಜಾಪುರ, ಬಳ್ಳಾರಿ ಕಡೆಯ ಜನ ಇದರ ಬಲೆಗೆ ಬಿದ್ದದ್ದು ಆಗ. ಹೊಸ ಕಾಯ್ದೆಯಲ್ಲಿ ಬೆರಳಚ್ಚು ಬಂತು. ಕೆಲವು ಬಗೆಯ ಅಪರಾಧಗಳಿಗೆ ಎರಡನೆಯ ಬಾರಿ ಶಿಕ್ಷೆಯಾದರೆ ಕನಿಷ್ಠ ಏಳು ವರ್ಷ, ಮೂರನೆಯ ಬಾರಿಗೆ ಜೀವಾವಧಿ ಗಡೀಪಾರು ಎಂದಾಯಿತು. ಎಲ್ಲಕ್ಕಿಂತ ಕಠೋರವಾದದ್ದು ಮಕ್ಕಳ ಕುರಿತ ಕಲಮು: ಆರರಿಂದ ಹದಿನೆಂಟು ವರ್ಷದ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಸುಧಾರಣಾ ಶಾಲೆಗಳಲ್ಲಿ ಇಡುವ ಅಧಿಕಾರ ಸರ್ಕಾರಕ್ಕೆ ದೊರೆಯಿತು. ತಂದೆತಾಯಿಗಳ ಸಹವಾಸವೇ ಮಗುವಿಗೆ ರೋಗ ಎಂಬುದು ಅದರ ಅರ್ಥ.

ಕೊರವಂಜಿ ಮತ್ತು ರಿಜಿಸ್ಟರು

ಹಣೆಪಟ್ಟಿ ಬೀಳುವ ಮುನ್ನ ಈ ಜನ ಯಾರಾಗಿದ್ದರು? ಕೊರವ, ಕೊರಚ, ಕೊರಮ ಎಂದು ಬೇರೆ ಬೇರೆ ಕಡೆ ಕರೆಸಿಕೊಳ್ಳುವವರನ್ನೇ ನೋಡೋಣ. ಅವರ ಒಳಪಂಗಡಗಳ ಹೆಸರುಗಳೇ ಅವರ ಕಸುಬನ್ನು ಹೇಳುತ್ತವೆ. ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ ಮಾರುತ್ತ ಬರುವವರು ಉಪ್ಪು ಕೊರವರು. ಬಿದಿರು ಸೀಳಿ ಬುಟ್ಟಿ ಹೆಣೆಯುವವರು ದಬ್ಬೆಯವರು. ನೇಕಾರರಿಗೆ ಕುಂಚ ಕಟ್ಟಿಕೊಡುವವರು ಕುಂಚಿಯವರು. ಹೆಂಗಸರು ಕಣಿ ಹೇಳುತ್ತಿದ್ದರು, ಹಚ್ಚೆ ಹೊಯ್ಯುತ್ತಿದ್ದರು. ಹಳ್ಳಿಯವರ ಜತೆ ಇವರದು ವರ್ಷಕ್ಕೊಮ್ಮೆ ಎರಡು ಸಲ ಬಂದು ಹೋಗುವ ನಂಟು. ಅನುಮಾನ ಅಲ್ಲೂ ಇದ್ದಿರಬಹುದು, ಅಲೆಮಾರಿಯನ್ನು ಒಂದೂರಿನಲ್ಲಿ ನೆಲೆನಿಂತವನು ಪೂರ್ತಿ ನಂಬಿದ್ದು ಕಡಿಮೆಯೇ. ಆದರೆ ಆ ಅನುಮಾನಕ್ಕೆ ರಿಜಿಸ್ಟರು ಇರಲಿಲ್ಲ.

1850ರ ದಶಕದಿಂದ ರೈಲು ಬಂತು, ಉಪ್ಪನ್ನು ಎತ್ತಿನ ಮೇಲೆ ಹೊರುವ ಅಗತ್ಯ ಕಡಿಮೆಯಾಯಿತು. ಸರ್ಕಾರದ ಉಪ್ಪಿನ ನೀತಿ ಉಳಿದ ವ್ಯಾಪಾರವನ್ನೂ ಕುಗ್ಗಿಸಿತು. ಅರಣ್ಯ ಕಾನೂನುಗಳು ಬಂದು ಬಿದಿರು, ಹುಲ್ಲುಗಾವಲು ಕೈತಪ್ಪಿದವು. 1876-78ರ ಭೀಕರ ಬರಗಾಲದಲ್ಲಿ ದನಗಳು ಸತ್ತವು. ಕಸುಬು ಕಳೆದುಕೊಂಡು ಅಲೆಯುವವರನ್ನು ಕಂಡ ಪೊಲೀಸ್ ಅಧಿಕಾರಿಗಳಿಗೆ ಅವರು ಅಲೆಯುವುದು ಕದಿಯಲಿಕ್ಕೇ ಎನ್ನಿಸಿತು. ಈ ಸಮುದಾಯದ ಚರಿತ್ರೆಯನ್ನು ಕೆದಕಿ ತೆಗೆದ ಮೀನಾ ರಾಧಾಕೃಷ್ಣ ಅವರು 2001ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಈ ಸಂಬಂಧವನ್ನು ಎಳೆ ಎಳೆಯಾಗಿ ಬಿಡಿಸಿ ತೋರಿಸಿದ್ದಾರೆ.

ಪೊಲೀಸರು ಸುಮ್ಮನೆ ಕೂಡಲಿಲ್ಲ, ಪುಸ್ತಕ ಬರೆದರು. ಮದರಾಸಿನಲ್ಲಿ ಮುಲ್ಲಾಲಿ 1892ರಲ್ಲಿ, ಮುಂಬಯಿಯಲ್ಲಿ ಕೆನಡಿ 1908ರಲ್ಲಿ ‘ಅಪರಾಧಿ ವರ್ಗ’ಗಳ ಬಗ್ಗೆ ಕೈಪಿಡಿಗಳನ್ನು ಹೊರತಂದರು. ಯಾವ ಜಾತಿಯವರು ಎಂಥ ವೇಷ ಹಾಕುತ್ತಾರೆ, ಯಾವ ಆಯುಧ ಹಿಡಿಯುತ್ತಾರೆ ಎಂದು ಪಕ್ಷಿಶಾಸ್ತ್ರದ ಗ್ರಂಥದಂತೆ ಬರೆದಿಟ್ಟರು. ಠಾಣೆಯ ಹೊಸ ಸಿಪಾಯಿ ಇದನ್ನೇ ಕಲಿತ. ಮುಂದೆ ಜನಾಂಗ ಅಧ್ಯಯನ ಮಾಡಿದ ವಿದ್ವಾಂಸರೂ ಇದನ್ನೇ ಆಧಾರವಾಗಿ ಉದ್ಧರಿಸಿದರು. ಹೀಗೆ ಅನುಮಾನವೊಂದು ಎರಡು ತಲೆಮಾರಿನಲ್ಲಿ ಶಾಸ್ತ್ರವಾಯಿತು.

ಇದರ ನಡುವೆ ಕನ್ನಡಿಗರು ಗಮನಿಸಬೇಕಾದ ವಿಚಿತ್ರವೊಂದಿದೆ. ನಮ್ಮ ಯಕ್ಷಗಾನದಲ್ಲಿ, ಹಾಡುಗಳಲ್ಲಿ ಕೊರವಂಜಿ ಎಂದರೆ ಮುಂದಾಗುವುದನ್ನು ಕಂಡು ಹೇಳುವ ಜಾಣೆ, ಅರಮನೆಯ ಒಳಗೂ ಸಲೀಸಾಗಿ ನುಗ್ಗಿ ಬರುವವಳು. 1942ರಲ್ಲಿ ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿಯವರು, ತಮ್ಮ ಹಾಸ್ಯ ಮಾಸಪತ್ರಿಕೆಗೆ ಆರಿಸಿಕೊಂಡದ್ದು ಆ ಹೆಸರನ್ನೇ. ಇತ್ತ ಕನ್ನಡದ ಓದುಗರು ‘ಕೊರವಂಜಿ’ಯನ್ನು ಓದಿ ನಗುತ್ತಿದ್ದ ಅದೇ ವರ್ಷಗಳಲ್ಲಿ ಅತ್ತ ಸೆಟ್ಲಮೆಂಟಿನ ತಂತಿಬೇಲಿಯೊಳಗೆ ನಿಜವಾದ ಕೊರವ ಹೆಂಗಸರು ಹಾಜರಿಗೆ ಸಾಲು ನಿಲ್ಲುತ್ತಿದ್ದರು.

ಹಾಜರಿಯ ಪಾಠ

ಸೆಟ್ಲಮೆಂಟುಗಳನ್ನು ಕೇವಲ ಕ್ರೌರ್ಯದ ಕತೆಯಾಗಿ ಹೇಳಿಬಿಡುವುದು ಸುಲಭ. ವಾಸ್ತವ ಅಷ್ಟು ಸರಳವಲ್ಲ. ಮುಂಬಯಿ ಪ್ರಾಂತ್ಯದ ಸೆಟ್ಲಮೆಂಟ್ ಅಧಿಕಾರಿಯಾಗಿದ್ದ ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿಗೆ ಇದು ಸುಧಾರಣೆಯ ಕೆಲಸವಾಗಿತ್ತು. ಸೊಲ್ಲಾಪುರದ ಜನರಿಗೆ ಗಿರಣಿಗಳಲ್ಲಿ ಕೆಲಸ ಸಿಕ್ಕಿತು. ಸೆಟ್ಲಮೆಂಟುಗಳಲ್ಲಿ ಶಾಲೆಗಳಿದ್ದವು, ಅಕ್ಷರ ಕಂಡಿರದ ಮನೆಗಳಿಗೆ ಮೊದಲ ಸ್ಲೇಟು ಬಂದದ್ದು ಅಲ್ಲಿಂದಲೇ. ಇದೇ ಸ್ಟಾರ್ಟ್ 1928ರಲ್ಲಿ ಮುಂಬಯಿ ಸರ್ಕಾರ ಹಿಂದುಳಿದ ವರ್ಗಗಳ ಸ್ಥಿತಿಗತಿ ತಿಳಿಯಲು ನೇಮಿಸಿದ ಸಮಿತಿಯ ಅಧ್ಯಕ್ಷರಾದರು. ಡಾ. ಅಂಬೇಡ್ಕರ್ ಅದರ ಸದಸ್ಯರಾಗಿದ್ದರು. ಶಂಕೆಯ ಪಟ್ಟಿ, ಸಹಾಯದ ಪಟ್ಟಿ ಎರಡೂ ಒಬ್ಬನೇ ಅಧಿಕಾರಿಯ ಮೇಜಿನ ಮೇಲೆ ಹಾದುಹೋದವು.

ಮದರಾಸು ಪ್ರಾಂತ್ಯದಲ್ಲಿ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸಂಸ್ಥೆ ಈ ಕೆಲಸ ವಹಿಸಿಕೊಂಡಿತು. ಗುಂಟೂರು ಕಡೆಯ ಸ್ಟೂವರ್ಟ್‌ಪುರಂ 1913ರಲ್ಲಿ ಹುಟ್ಟಿದ್ದು ಹೀಗೆ, ಆ ಹೆಸರು ಬಂದದ್ದು ಹೆರಾಲ್ಡ್ ಸ್ಟೂವರ್ಟ್ ಎಂಬ ಅಧಿಕಾರಿಯಿಂದ. ಆ ಸಂಸ್ಥೆಯ ಮುಖಂಡ ಬೂತ್ ಟಕರ್ ಅಪರಾಧವನ್ನು ರೋಗದಂತೆ ವಾಸಿ ಮಾಡುವ ‘ಶಾಸ್ತ್ರ’ಕ್ಕೆ ಒಂದು ಹೊಸ ಪದವನ್ನೇ ಟಂಕಿಸಿ ಪುಸ್ತಕ ಬರೆದ. ವಾಸಿ ಮಾಡುವವನಿಗೆ ರೋಗಿ ಬೇಕಲ್ಲವೇ? ಸುಧಾರಣೆಯ ಮೊದಲ ಷರತ್ತೇ ತಾನು ಕೆಟ್ಟವನೆಂದು ಒಪ್ಪಿಕೊಳ್ಳುವುದಾಗಿತ್ತು. ಸ್ಟೂವರ್ಟ್‌ಪುರಂ ಎಂಬ ಹೆಸರು ಇಂದಿಗೂ ತೆಲುಗರಿಗೆ ಕಳ್ಳರ ಊರಾಗಿಯೇ ಕೇಳಿಸುತ್ತದೆ. 1991ರಲ್ಲೂ 2023ರಲ್ಲೂ ಸಿನಿಮಾದವರು ಆ ಊರಿನ ಈ ಖ್ಯಾತಿಯನ್ನೇ ಬಂಡವಾಳ ಮಾಡಿಕೊಂಡರು.

ದಿನಕ್ಕೆ ಹಲವು ಬಾರಿ ನಡೆಯುವ ಹಾಜರಿ ಮೈಗೆ ಕಲಿಸುವ ಪಾಠವೊಂದಿದೆ. ನಿನ್ನ ಹೆಸರು ಕೂಗಿದಾಗ ನೀನು ಇಲ್ಲದಿದ್ದರೆ, ಎಲ್ಲೋ ಅಪರಾಧ ಮಾಡುತ್ತಿದ್ದೀಯೆ ಎಂದೇ ಅರ್ಥ. ಮಗಳ ಮನೆಗೆ ಹೋಗಿರಬಹುದು, ಜಾತ್ರೆಗೆ ಹೋಗಿರಬಹುದು ಎಂಬ ಸಾಧ್ಯತೆಯೇ ಆ ಪುಸ್ತಕದಲ್ಲಿಲ್ಲ. ಹುಟ್ಟಿದಂದಿನಿಂದ ಈ ಕೂಗನ್ನು ಕೇಳಿ ಬೆಳೆದ ಮಗು ತನ್ನನ್ನು ತಾನು ಯಾವ ಕಣ್ಣಿನಿಂದ ನೋಡಿಕೊಂಡೀತು?

ಈ ಪ್ರಶ್ನೆಯನ್ನು ಸಮಾಜಶಾಸ್ತ್ರಜ್ಞರು ಬೇರೆ ದೇಶಗಳಲ್ಲಿ ಬೇರೆ ಕಾರಣಗಳಿಗಾಗಿ ಕೇಳಿದ್ದಾರೆ. ಅಮೆರಿಕದ ಚಾರ್ಲ್ಸ್ ಕೂಲಿ 1902ರಲ್ಲೇ ಹೇಳಿದ್ದ: ಪರರು ನಮಗೆ ಕನ್ನಡಿ ಇದ್ದಂತೆ. ಅವರ ಕಣ್ಣಿಗೆ ನಾವು ಹೇಗೆ ಕಾಣುತ್ತೇವೆ, ಕಂಡು ಏನೆಂದುಕೊಳ್ಳುತ್ತಾರೆ ಎಂದು ಊಹಿಸಿಕೊಂಡು, ಆ ಊಹೆಯಿಂದ ಹೆಮ್ಮೆಯನ್ನೋ ನಾಚಿಕೆಯನ್ನೋ ಪಡುತ್ತೇವೆ. ಫ್ರಾಂಕ್ ಟ್ಯಾನನ್‌ಬಾಮ್ 1938ರಲ್ಲಿ ಬಾಲಾಪರಾಧಿಗಳ ಕುರಿತು ಬರೆಯುತ್ತ, ಹುಡುಗನನ್ನು ಗುರುತಿಸಿ, ಹೆಸರಿಟ್ಟು, ಬೇರೆ ಕೂರಿಸುವ ಕ್ರಿಯೆಯೇ ಅವನನ್ನು ಆ ಹೆಸರಿನಂತೆ ರೂಪಿಸುತ್ತದೆ ಎಂದ. ಹೊವರ್ಡ್ ಬೆಕರ್ 1963ರಲ್ಲಿ ಇನ್ನೂ ಮುಂದೆ ಹೋಗಿ, ಅಡ್ಡದಾರಿ ಎನ್ನುವುದು ಕೃತ್ಯದಲ್ಲಿಲ್ಲ, ಹಣೆಪಟ್ಟಿ ಹಚ್ಚುವವರ ಕೈಯಲ್ಲಿದೆ ಎಂದು ವಾದಿಸಿದ. ಇದು ಸ್ವಲ್ಪ ಅತಿಯಾಯಿತು ಎನ್ನಬಹುದು. ಮನೆಗೆ ಕನ್ನ ಬಿದ್ದವನಿಗೆ ಕಳುವು ಕಳುವೇ.

ನಮ್ಮ ದೇಶದಲ್ಲೇ ನಡೆದ ಒಂದು ಪ್ರಯೋಗ ಇನ್ನೂ ಹತ್ತಿರದ್ದು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು ಉತ್ತರ ಪ್ರದೇಶದ ಹಳ್ಳಿಗಳ ಆರು-ಏಳನೆಯ ತರಗತಿಯ ಹುಡುಗರಿಗೆ ಕಾಗದದ ಮೇಲಿನ ಚಕ್ರವ್ಯೂಹದಂಥ ದಾರಿಗಳನ್ನು ಬಿಡಿಸಲು ಕೊಟ್ಟರು, ಸರಿಯಾಗಿ ಬಿಡಿಸಿದ್ದಕ್ಕೆ ಹಣವಿತ್ತು. ಯಾರ ಜಾತಿಯೂ ಪ್ರಕಟವಾಗದಿದ್ದಾಗ ಮೇಲುಜಾತಿಯ, ಕೆಳಜಾತಿಯ ಹುಡುಗರು ಸರಿಸಮನಾಗಿ ಬಿಡಿಸಿದರು. ಎಲ್ಲರೆದುರು ಹೆಸರಿನ ಜತೆ ಜಾತಿಯನ್ನೂ ಕೂಗಿ ಹೇಳಿದ ಮೇಲೆ ಕೆಳಜಾತಿಯ ಹುಡುಗರು ಗಮನಾರ್ಹವಾಗಿ ಹಿಂದೆ ಬಿದ್ದರು. ಬುದ್ಧಿ ಅದೇ, ಕಾಗದ ಅದೇ, ನಡುವೆ ಬಂದದ್ದು ಒಂದು ಕೂಗು. 2004ರಲ್ಲಿ ಈ ಅಧ್ಯಯನ ಹೊರಬಂದಾಗ ಅರ್ಥಶಾಸ್ತ್ರಜ್ಞರಿಗೆ ಅಚ್ಚರಿಯಾಯಿತಂತೆ. ಹಾಜರಿ ಪುಸ್ತಕ ಕಂಡವರಿಗೆ ಅಚ್ಚರಿಯಾಗಲಾರದು.

ಬೆರಳು ಕೊಡದವರು

ಹಾಗೆಂದು ಮನುಷ್ಯ ಮೇಣವಲ್ಲ, ಒತ್ತಿದ ಮುದ್ರೆಯನ್ನೆಲ್ಲ ಸುಮ್ಮನೆ ತೆಗೆದುಕೊಳ್ಳುವುದಿಲ್ಲ. ಮದುರೆ ಸೀಮೆಯ ಕಳ್ಳರ್ ಸಮುದಾಯದವರು ಈ ಕಾಯ್ದೆಯನ್ನು ‘ಕೈರೇಖೆ ಕಾನೂನು’ ಎಂದೇ ಕರೆಯುತ್ತಿದ್ದರು. 1920ರ ಏಪ್ರಿಲ್ 3ರಂದು ಪೆರುಂಗಾಮನಲ್ಲೂರು ಎಂಬ ಹಳ್ಳಿಯ ಜನ ಬೆರಳಚ್ಚು ಕೊಡುವುದಿಲ್ಲವೆಂದು ಎದುರು ನಿಂತಾಗ ಪೊಲೀಸರು ಗುಂಡು ಹಾರಿಸಿದರು. ಒಬ್ಬ ಹೆಂಗಸೂ ಸೇರಿ ಹದಿನೈದಕ್ಕಿಂತ ಹೆಚ್ಚು ಮಂದಿ ಸತ್ತರು. ಶಾಯಿಯಲ್ಲಿ ಬೆರಳು ಅದ್ದಿದರೆ ಏನಂತೆ ಎಂದು ಸರ್ಕಾರಕ್ಕೆ ತೋರಿರಬೇಕು. ಅದ್ದಿದರೆ ತಾವು ಏನಾಗುತ್ತೇವೆಂದು ಆ ಹಳ್ಳಿಯವರಿಗೆ ಗೊತ್ತಿತ್ತು.

1936ರಲ್ಲಿ ನೆಲ್ಲೂರಿಗೆ ಬಂದಿದ್ದ ಜವಾಹರಲಾಲ್ ನೆಹರೂ ಇಡೀ ಒಂದು ಬುಡಕಟ್ಟನ್ನು ಅಪರಾಧಿಯೆನ್ನುವುದು ನಾಗರಿಕ ನ್ಯಾಯಕ್ಕೆ ಹೊರತಾದದ್ದೆಂದು ಖಂಡಿಸಿದರು. ಸ್ವಾತಂತ್ರ್ಯಾನಂತರ ಅನಂತಶಯನಂ ಅಯ್ಯಂಗಾರ್ ಸಮಿತಿಯ ಶಿಫಾರಸಿನ ಮೇಲೆ 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ದೇಶಕ್ಕಿಂತ ಐದು ವರ್ಷ ಹದಿನಾರು ದಿನ ತಡವಾಗಿ ಸ್ವತಂತ್ರರಾದ ಈ ಜನ ಅಂದಿನಿಂದ ‘ವಿಮುಕ್ತ’ರು. ಈ ಪದ ನನಗೆ ಪೂರ್ತಿ ಸಮಾಧಾನ ಕೊಡುವುದಿಲ್ಲ. ಯಾವುದರಿಂದ ವಿಮುಕ್ತ ಎಂದು ಕೇಳಿದವರಿಗೆ ಮತ್ತೆ ಹಳೆಯ ಕತೆಯನ್ನೇ ಹೇಳಬೇಕು. ಬಹಳ ದಿನ ಕಡತಗಳಲ್ಲಿ ಇವರನ್ನು ‘ಮಾಜಿ ಅಪರಾಧಿ ಬುಡಕಟ್ಟು’ ಎಂದೇ ಬರೆಯುತ್ತಿದ್ದರು.

ಒಂದು ಕಾಯ್ದೆ ಹೋದರೂ ರಾಜ್ಯಗಳು ‘ರೂಢಿಗತ ಅಪರಾಧಿಗಳ’ ಕಾಯ್ದೆಗಳನ್ನು ತಂದವು. ಮೈಸೂರು ರಾಜ್ಯವೂ 1961ರಲ್ಲಿ ತಂದಿತು. ಕಾಗದದ ಮೇಲೆ ಇದು ವ್ಯಕ್ತಿಗೆ ಸಂಬಂಧಿಸಿದ್ದು, ಜಾತಿಗಲ್ಲ. ಠಾಣೆಯಲ್ಲಿ ಈ ವ್ಯತ್ಯಾಸ ಎಷ್ಟು ಉಳಿಯಿತೆಂಬುದಕ್ಕೆ 1998ರ ಫೆಬ್ರುವರಿಯಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಪೊಲೀಸ್ ವಶದಲ್ಲಿದ್ದು ಸತ್ತ ಬುಧನ್ ಸಬರ್ ಸಾಕ್ಷಿ. ಆ ಪ್ರಕರಣವನ್ನು ಮಹಾಶ್ವೇತಾ ದೇವಿ ಹೈಕೋರ್ಟಿನವರೆಗೆ ಒಯ್ದರು. ಅದೇ ವರ್ಷ ಅಹಮದಾಬಾದಿನ ಛಾರಾನಗರದ ಹುಡುಗರು, ತಾವೂ ಹುಟ್ಟಾ ಕಳ್ಳರೆಂದು ಕರೆಸಿಕೊಂಡವರು, ಬುಧನ್‌ನ ಕತೆಯನ್ನು ನಾಟಕ ಮಾಡಿ ಬೀದಿಗೆ ಇಳಿದರು. ‘ಬುಧನ್ ಥಿಯೇಟರ್’ ಹುಟ್ಟಿದ್ದು ಹಾಗೆ. ಅವರ ಬೆನ್ನಿಗಿದ್ದ ಗಣೇಶ ದೇವಿಯವರು 2016ರಲ್ಲಿ ಧಾರವಾಡಕ್ಕೆ ಬಂದು ನೆಲೆಸಿದರು.

ಬೈಗುಳವನ್ನೇ ಎತ್ತಿ ತಲೆಯ ಮೇಲಿಟ್ಟುಕೊಂಡವರೂ ಉಂಟು. ಲಾತೂರು ಜಿಲ್ಲೆಯ ಲಕ್ಷ್ಮಣ ಗಾಯಕವಾಡ ತಮ್ಮ ಮರಾಠಿ ಆತ್ಮಕಥೆಗೆ ‘ಉಚಲ್ಯಾ’ ಎಂದೇ ಹೆಸರಿಟ್ಟರು, ಅಂದರೆ ‘ಎತ್ತಿಕೊಂಡು ಹೋಗುವವ’. 1987ರಲ್ಲಿ ಬಂದ ಆ ಪುಸ್ತಕಕ್ಕೆ ಮರುವರ್ಷ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮಲ್ಲಿ ಕೊರಮ-ಕೊರಚ-ಕೊರವ ಸಮುದಾಯದವರು ಬೇರೊಂದು ದಾರಿ ಹಿಡಿದರು. ಪೊಲೀಸ್ ಕೈಪಿಡಿಯಲ್ಲಿರುವ ಹೆಸರುಗಳನ್ನು ಬದಿಗಿಟ್ಟು ತಮ್ಮನ್ನು ‘ಕುಳುವ’ರೆಂದು ಕರೆದುಕೊಳ್ಳುತ್ತಾರೆ. ಹಗ್ಗ ಹೊಸೆದು ಮಾರುತ್ತಿದ್ದ ಹನ್ನೆರಡನೆಯ ಶತಮಾನದ ಶರಣ ನುಲಿಯ ಚಂದಯ್ಯನನ್ನು ತಮ್ಮ ಹಿರಿಯನೆಂದು ನೆನೆದು ನೂಲ ಹುಣ್ಣಿಮೆಯಂದು ಜಯಂತಿ ಮಾಡುತ್ತಾರೆ. ದುಡಿಯದೆ ಬಂದದ್ದು ಬೇಡವೆಂದ, ಕಾಯಕದ ಮುಂದೆ ಲಿಂಗಪೂಜೆಯೂ ಎರಡನೆಯದೆಂದ ಶರಣನಾತ. ಕುಲಕಸುಬೇ ಕಳ್ಳತನ ಎಂಬ ಸರ್ಕಾರಿ ಮಾತಿಗೆ ಇದಕ್ಕಿಂತ ತಕ್ಕ ಉತ್ತರ ಅವರಿಗೆ ಬೇಕಿರಲಿಲ್ಲ.

ಗಂಟಿಚೋರರ ಪಾಡು ಮಾತ್ರ ಇನ್ನೂ ಬಿಗಿಯಾದದ್ದು. ಹೆಸರಿನಲ್ಲಿಯೇ ‘ಚೋರ’ ಇದೆ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಈ ಹೆಸರು ಇದೆ. ಶಾಲೆಯ ದಾಖಲಾತಿಗೆ, ವಿದ್ಯಾರ್ಥಿವೇತನಕ್ಕೆ, ನೌಕರಿಗೆ ಮೀಸಲಾತಿ ಬೇಕೆಂದರೆ ತಹಸೀಲ್ದಾರರ ಸಹಿಯುಳ್ಳ ಪ್ರಮಾಣಪತ್ರದಲ್ಲಿ ಅದೇ ಹೆಸರು ಬರಬೇಕು. ಹಿಂದೆ ಹಣೆಪಟ್ಟಿ ಹಚ್ಚಿದ್ದರಿಂದ ಆದ ನಷ್ಟಕ್ಕೆ ಪರಿಹಾರ ಪಡೆಯಲು ಹಣೆಪಟ್ಟಿಯನ್ನೇ ತೋರಿಸಬೇಕು. ಹೆಸರು ಬೇಡವೆಂದರೆ ಸೌಲಭ್ಯವಿಲ್ಲ. ಸೌಲಭ್ಯ ಬೇಕೆಂದರೆ ಹತ್ತು ವರ್ಷದ ಮಗು ತರಗತಿಯಲ್ಲಿ ಎದ್ದು ನಿಂತು ಆ ಹೆಸರು ಹೇಳಬೇಕು.

2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಜೈಲು ಕೈಪಿಡಿಗಳಲ್ಲಿದ್ದ ಜಾತಿಭೇದದ ನಿಯಮಗಳನ್ನು ಹೊಡೆದುಹಾಕಿತು. ಪತ್ರಕರ್ತೆ ಸುಕನ್ಯಾ ಶಾಂತಾ ಹೂಡಿದ್ದ ದಾವೆ ಅದು. ಅಲೆಮಾರಿ, ಅಪರಾಧಿ ಬುಡಕಟ್ಟಿನವರನ್ನು ಹುಟ್ಟಿನಿಂದಲೇ ರೂಢಿಗತ ಅಪರಾಧಿಗಳೆಂದು ಬಗೆಯುವ ಸಾಲುಗಳು ಕೆಲವು ರಾಜ್ಯಗಳ ಕೈಪಿಡಿಗಳಲ್ಲಿ ಅಲ್ಲಿಯವರೆಗೂ ಉಳಿದಿದ್ದವು. ಜೈಲಿನ ರಿಜಿಸ್ಟರುಗಳಿಂದ ಜಾತಿಯ ಅಂಕಣವನ್ನೇ ತೆಗೆಯಬೇಕೆಂದು ನ್ಯಾಯಾಲಯ ಆದೇಶಿಸಿತು. ಅಂದರೆ ಕಾಯ್ದೆ ಸತ್ತು 72 ವರ್ಷಗಳಾದರೂ ಅದರ ಕೈಬರಹ ಅಳಿಸಿರಲಿಲ್ಲ.

ತೀರ್ಪು ಬಂದ ವಾರ ನಾನು ಆ ಹಿರಿಯರನ್ನು ಹುಡುಕಿಕೊಂಡು ಹೋಗಿದ್ದೆ. ಮೊಮ್ಮಗ ಪಿಯುಸಿಗೆ ಸೇರಿದ್ದಾನೆ, ಹಾಸ್ಟೆಲಿನಲ್ಲಿದ್ದಾನೆ. ಜತೆಯವರಿಗೆ ತನ್ನ ಜಾತಿ ಹೇಳಿಲ್ಲವಂತೆ. ಚಹಾ ಕುಡಿಯುತ್ತ ತಮ್ಮ ತಾಯಿಯ ಮಾತು ತೆಗೆದರು. ಆಕೆ ಸೆಟ್ಲಮೆಂಟಿನ ಬೇಲಿಯೊಳಗೇ ಹುಟ್ಟಿ ಬೆಳೆದವರು, ಬೇಲಿ ಕಿತ್ತ ಮೇಲೂ ಬಹಳ ಕಾಲ ಬದುಕಿದ್ದರು. ಹೊರಗೆ ಆಡುವ ಮಕ್ಕಳನ್ನು ಸಂಜೆ ಕರೆಯುವಾಗ ದೀಪ ಹಚ್ಚುವ ಹೊತ್ತಾಯಿತು ಎಂದು ಆಕೆ ಒಮ್ಮೆಯೂ ಹೇಳಲಿಲ್ಲವಂತೆ. “ಹಾಜರಿ ಹೊತ್ತಾತು, ಬರ್ರೋ” ಎಂದೇ ಕೂಗುತ್ತಿದ್ದರಂತೆ. ಅದೊಂದು ಹೊತ್ತಿನ ಹೆಸರೆಂದೇ ತಾವು ದೊಡ್ಡವರಾಗುವವರೆಗೂ ತಿಳಿದಿದ್ದೆವೆಂದು ಹೇಳಿ ಅವರು ಕಪ್ಪು ಕೆಳಗಿಟ್ಟರು.